ವಿಲೀನ ಆಗೋದಾ, ಕೈಜೋಡಿಸೋದಾ? ಸಣ್ಣ ಪರಿಸರ ಸಂಘವೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಲೆನಾಡಿನ ಒಂದು ತಾಲ್ಲೂಕಿನಲ್ಲಿ 14 ವರ್ಷಗಳಿಂದ ಪರಿಸರ ಸಂಘ ನಡೆಸುತ್ತಿದ್ದೇವೆ. ನಮ್ಮದು ಸೊಸೈಟಿ. ಕೆರೆ ಹೂಳೆತ್ತಿಸುವುದು, ಕಾಡುಮರಗಳ ನರ್ಸರಿ, ದೇವರಕಾಡುಗಳ ದಾಖಲಾತಿ, ಶಾಲಾ ಮಕ್ಕಳ ಜೊತೆ ಮಳೆ ಲೆಕ್ಕ, ಇವು ನಮ್ಮ ಕೆಲಸ. ಸಂಬಳದವರು ಐದು ಜನ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದೆ, ಆದರೆ ವಿದೇಶದ ದುಡ್ಡು ಈಗ ಜಾಸ್ತಿ ಬರುತ್ತಿಲ್ಲ. ಒಂದು ಕಲ್ಲುಕ್ವಾರಿ ವಿರುದ್ಧ ಹಸಿರು ನ್ಯಾಯಮಂಡಳಿಯಲ್ಲಿ ಕೇಸು ನಡೆಸುತ್ತಿದ್ದೇವೆ. ನಮ್ಮ ಸ್ಥಾಪಕ ಕಾರ್ಯದರ್ಶಿಯವರಿಗೆ 68 ವರ್ಷ. ಬೆಂಗಳೂರಿನ ದೊಡ್ಡ ಟ್ರಸ್ಟ್ ಒಂದು ‘ನಮ್ಮ ಜೊತೆ ವಿಲೀನವಾಗಿ’ ಎನ್ನುತ್ತಿದೆ. ಅವರಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಚೆನ್ನಾಗಿ ಬರುತ್ತದೆ, ಎಫ್‌ಸಿಆರ್‌ಎ ಇಲ್ಲ. ನಮ್ಮ ಕಮಿಟಿಯಲ್ಲಿ ಅರ್ಧ ಜನ ಹೂಂ ಅಂತಾರೆ, ಅರ್ಧ ಜನ ಉಹೂಂ. ಏನು ಮಾಡೋದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಈಗಲೇ ವಿಲೀನಕ್ಕೆ ಒಪ್ಪಬೇಡಿ. ಹಾಗಂತ ಬಾಗಿಲನ್ನೂ ಹಾಕಬೇಡಿ. ಅವರ ಜೊತೆ ಒಂದೇ ಒಂದು ಕೆಲಸವನ್ನು ಎರಡು ಮಳೆಗಾಲ ಒಟ್ಟಿಗೆ ಮಾಡಿ ನೋಡಿ. ನನ್ನನ್ನು ಕೇಳಿದರೆ ನರ್ಸರಿ ಒಳ್ಳೆಯದು. ಸಸಿ ಎಷ್ಟು ಎದ್ದವು, ನೆಟ್ಟ ಮೇಲೆ ಎಷ್ಟು ಉಳಿದವು ಅನ್ನೋದು ಎಣಿಕೆಗೆ ಸಿಗುತ್ತದೆ. ಯಾರು ಎಷ್ಟು ದುಡಿದರು ಅನ್ನೋದೂ ಇಬ್ಬರಿಗೂ ಕಾಣುತ್ತದೆ. ಅಷ್ಟರಲ್ಲಿ ನಿಮ್ಮ ಕಮಿಟಿ ಇನ್ನೊಂದು ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕಾರ್ಯದರ್ಶಿಯವರ ನಂತರ ಯಾರು?

ಅವರ ವಯಸ್ಸನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಮಾತ್ರ ಇಡೀ ಪತ್ರ ಆ ಸಾಲಿನ ಸುತ್ತಲೇ ಇರುವಂತೆ ಕಂಡಿತು. ನಮ್ಮ ಪರಿಸರ ಸಂಘಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ ಹುಮ್ಮಸ್ಸಿನಿಂದ ಹುಟ್ಟಿದಂಥವು. ರೇಂಜರ್ ಫೋನ್ ಮಾಡುವುದು ಅವರಿಗೆ. ಊರವರು ಜಗಳ ಹೊತ್ತು ಬರುವುದು ಅವರ ಮನೆಗೆ. ಚೆಕ್ಕಿಗೆ ಸಹಿ ಅವರದ್ದು. ಅವರು ದಣಿದಾಗ ಯಾರಾದರೂ ಬಂದು ‘ನಾವು ನೋಡಿಕೊಳ್ಳುತ್ತೇವೆ’ ಅಂದರೆ ಅರ್ಧ ಕಮಿಟಿಗೆ ನಿರಾಳ, ಇನ್ನರ್ಧಕ್ಕೆ ಅನುಮಾನ. ನಿಮ್ಮ ಕಮಿಟಿ ಎರಡಾಗಿರುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಸಂಸ್ಥೆಗಳು ವಿಲೀನದ ಮಾತು ತೆಗೆಯುವುದು ದುಡ್ಡು ಮುಗಿದಾಗ, ಮುಂದಾಳು ದಣಿದಾಗ, ಇಲ್ಲವೇ ಹೊರಟ ಕೆಲಸವೇ ಮುಗಿದುಹೋದಾಗ. ದುಡ್ಡಿಲ್ಲ ಅನ್ನೋ ಕಾರಣ ಒಂದೇ ಇದ್ದರೆ ವಿಲೀನ ಸಾಮಾನ್ಯವಾಗಿ ಸಹಾಯ ಮಾಡುವುದಿಲ್ಲ. ಮೊದಲ ವರ್ಷ ಖರ್ಚು ಏರುತ್ತದೆ. ವಕೀಲರು, ಆಡಿಟರ್, ಆಸ್ತಿ ವರ್ಗಾವಣೆ, ಎರಡು ಕಡೆಯ ಸಂಬಳ ಸರಿತೂಗಿಸುವುದು, ಎಲ್ಲ ಒಟ್ಟಿಗೆ ಬರುತ್ತವೆ. ಮುಂದಾಳಿನ ಪ್ರಶ್ನೆಗೆ ಮಾತ್ರ ವಿಲೀನ ನಿಜವಾಗಿಯೂ ಒಂದು ಉತ್ತರ ಆಗಬಲ್ಲದು. ಕೆಲಸ ಮುಗಿದಾಗಲಂತೂ ಅದೇ ಸರಿಯಾದ ದಾರಿ. ಅಮೆರಿಕದಲ್ಲಿ ‘ಒನ್‌ಸ್ಕೈ’ ಅನ್ನೋ ಸಂಸ್ಥೆ 2007ರಲ್ಲಿ ಶುರುವಾಯಿತು. ಹವಾಮಾನಕ್ಕಾಗಿ ಒಂದು ಗಟ್ಟಿ ರಾಷ್ಟ್ರೀಯ ಕಾನೂನು ತರಿಸುವುದು ಅದರ ಗುರಿ. 2010ರಲ್ಲಿ ಆ ಮಸೂದೆ ಸೆನೆಟ್‌ನಲ್ಲೇ ಬಿದ್ದುಹೋಯಿತು. ಮರುವರ್ಷ ಸಂಸ್ಥೆ ‘350.ಆರ್ಗ್’ ಅನ್ನೋ ಇನ್ನೊಂದು ಹವಾಮಾನ ಸಂಸ್ಥೆಯ ಜೊತೆ ಸೇರಿ, ಹೆಸರನ್ನೂ ಬಿಟ್ಟುಕೊಟ್ಟಿತು. ನಿಮ್ಮ ಕೆರೆಗಳು, ದೇವರಕಾಡುಗಳು ಹಾಗೆ ಮುಗಿಯುವ ಕೆಲಸ ಅಲ್ಲವಲ್ಲ.

ಎರಡು ಮಳೆಗಾಲ ಅಂತ ಸುಮ್ನೆ ಹೇಳಿದ್ದಲ್ಲ. ಶಿಕಾಗೋ ಸುತ್ತಮುತ್ತ 2004ರಿಂದ 2014ರ ನಡುವೆ ಆದ, ಲಾಭಕ್ಕಲ್ಲದ ಸಂಸ್ಥೆಗಳ 25 ವಿಲೀನಗಳನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು ಇದು: ನೂರಕ್ಕೆ ಎಂಬತ್ತು ಕಡೆ ಆ ಸಂಸ್ಥೆಗಳು ಮೊದಲೇ ಒಟ್ಟಿಗೆ ಕೆಲಸ ಮಾಡಿದ್ದವು. ಗುರುತು ಪರಿಚಯ ಇಲ್ಲದವರು ಕಾಗದದ ಮೇಲೆ ಸೇರಿದ್ದು ಕಡಿಮೆ.

ಈಗ ಕಾನೂನಿಗೆ ಬರೋಣ. ಅಲ್ಲೇ ನಿಮಗೆ ಹೆಚ್ಚು ಅಚ್ಚರಿ ಕಾದಿದೆ.

ವಿಲೀನವನ್ನು ಮದುವೆಗೆ ಹೋಲಿಸುವವರು ಬಹಳ. ಮದುವೆಯಲ್ಲಿ ಇಬ್ಬರೂ ಉಳಿಯುತ್ತಾರೆ. ಇಲ್ಲಿ ಕಾನೂನಿನ ಲೆಕ್ಕದಲ್ಲಿ ಒಬ್ಬರು ಇಲ್ಲವಾಗುತ್ತಾರೆ, ಮತ್ತೆ ವಾಪಸ್ ಬರುವುದಿಲ್ಲ. ಇನ್ನೂ ಒಂದು ತೊಡಕು ಇದೆ. ನೀವು ಸೊಸೈಟಿ, ಅವರು ಟ್ರಸ್ಟ್. ನೀವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಬರುತ್ತೀರಿ. ಆ ಕಾಯ್ದೆಯಲ್ಲಿ ಒಂದು ಸಂಘ ಇನ್ನೊಂದು ಸಂಘದ ಜೊತೆ ಸೇರುವುದಕ್ಕೆ ದಾರಿ ಇದೆ. ಸಾರ್ವಜನಿಕ ಟ್ರಸ್ಟಿನ ಸಂಗತಿ ಬೇರೆ. ಅದು ನಡೆಯುವುದು ಅದರ ಡೀಡ್, ಅಂದರೆ ಸ್ಥಾಪನಾ ಪತ್ರದ ಪ್ರಕಾರ. ಡೀಡ್‌ನಲ್ಲಿ ಬೇರೆ ಸಂಸ್ಥೆಯನ್ನು ಸೇರಿಸಿಕೊಳ್ಳುವ ಅಧಿಕಾರ ಬರೆದಿರದಿದ್ದರೆ ಟ್ರಸ್ಟಿಗಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಲಾಭಕ್ಕಲ್ಲದ ಕೆಲಸಕ್ಕಾಗಿ ಇರುವ ಸೆಕ್ಷನ್ 8 ಕಂಪನಿಗಳಿಗಂತೂ 2013ರ ಕಂಪನಿ ಕಾಯ್ದೆ ಗೆರೆ ಎಳೆದುಬಿಟ್ಟಿದೆ: ಒಂದು ಸೆಕ್ಷನ್ 8 ಕಂಪನಿ, ಅದೇ ಬಗೆಯ ಉದ್ದೇಶದ ಇನ್ನೊಂದು ಸೆಕ್ಷನ್ 8 ಕಂಪನಿಯ ಜೊತೆ ಮಾತ್ರ ಸೇರಬಹುದು.

ಹಾಗಾಗಿ ಸೊಸೈಟಿ ಮತ್ತು ಟ್ರಸ್ಟ್ ‘ವಿಲೀನ’ ಅಂದರೆ ಸಾಮಾನ್ಯವಾಗಿ ಆಗುವುದು ಇಷ್ಟು. ನಿಮ್ಮ ಕೆಲಸ, ಜನ, ಆಸ್ತಿಗಳನ್ನು ಒಂದೊಂದಾಗಿ ಅವರಿಗೆ ವರ್ಗಾಯಿಸುತ್ತೀರಿ. ಆಮೇಲೆ ಖಾಲಿಯಾದ ಸಂಘವನ್ನು ವಿಸರ್ಜನೆ ಮಾಡುತ್ತೀರಿ. ವಿಸರ್ಜನೆಯಾದ ಸಂಘದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಎಲ್ಲಿಗೆ ಹೋಗಬೇಕು ಅಂತ ಕಾಯ್ದೆಯೂ ಹೇಳುತ್ತದೆ, ನಿಮ್ಮ ಬೈಲಾದ ಕೊನೆಯ ಪುಟವೂ ಹೇಳುತ್ತದೆ. ಆ ಪುಟವನ್ನು ಈವತ್ತೇ ತೆಗೆದು ಓದಿ. ‘ಇದೇ ಉದ್ದೇಶದ ಬೇರೆ ಸಂಘಕ್ಕೆ’ ಅಂತ ಬರೆದಿದ್ದರೆ, ಟ್ರಸ್ಟಿಗೆ ಕೊಡಬಹುದಾ ಅಂತ ಜಿಲ್ಲಾ ಸಂಘಗಳ ರಿಜಿಸ್ಟ್ರಾರ್ ಹತ್ತಿರ ಬರಹದಲ್ಲೇ ಕೇಳಿ. ಬಾಯಿಮಾತಿನ ‘ನಡೆಯುತ್ತೆ ಬಿಡಿ ಸಾರ್’ ನಂಬಬೇಡಿ.

ಮುಂದಿನದು ಎಫ್‌ಸಿಆರ್‌ಎ. ಬೆಂಗಳೂರಿನವರಿಗೆ ಅದು ಇಲ್ಲ, ನಿಮಗೆ ಇದೆ ಎಂದಿದ್ದೀರಿ. ಅವರು ಬಂದಿರುವುದಕ್ಕೆ ಇದೂ ಒಂದು ಕಾರಣ ಇರಬಹುದಾ ಅಂತ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಹಾಗಿದ್ದರೆ ಅವರ ಲೆಕ್ಕ ತಪ್ಪಿದೆ. ಎಫ್‌ಸಿಆರ್‌ಎ ನೋಂದಣಿ ಆ ಸಂಸ್ಥೆಗೇ ಕೊಟ್ಟದ್ದು. ನಿಮ್ಮ ಸಂಘ ಮುಚ್ಚಿದರೆ ನೋಂದಣಿ ಬೆಂಗಳೂರಿಗೆ ಹೋಗುವುದಿಲ್ಲ, ಅಲ್ಲಿಗೇ ಮುಗಿಯುತ್ತದೆ. ‘ನಮ್ಮಲ್ಲಿ ತಗೊಂಡು ಅವರಿಗೆ ಕಳಿಸೋಣ’ ಅನ್ನೋ ಹಳೆಯ ದಾರಿಯೂ ಇಲ್ಲ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಬೇರೆ ಯಾವ ಸಂಸ್ಥೆಗೂ ವರ್ಗಾಯಿಸುವಂತಿಲ್ಲ. ಅವರಿಗೂ ಎಫ್‌ಸಿಆರ್‌ಎ ಇದ್ದಿದ್ದರೂ ಆಗುತ್ತಿರಲಿಲ್ಲ. ಅದೇ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆ ಹಣ ತಂದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುವ ಕ್ರಮ ನಮ್ಮಲ್ಲಿ ಎಷ್ಟೋ ಕಡೆ ಇತ್ತು. ಆ ಬಗೆಯ ಕೂಡುಕೆಲಸ ವಿದೇಶಿ ದುಡ್ಡಿನ ಮಟ್ಟಿಗೆ ಒಂದೇ ಏಟಿಗೆ ನಿಂತುಹೋಯಿತು. ನಿಮಗೆ ಬರುತ್ತಿದ್ದ ಹಣ ಕಡಿಮೆಯಾಗಿದ್ದಕ್ಕೂ ಇದಕ್ಕೂ ನಂಟಿದೆಯಾ ಅಂತ ಹಳೆಯ ಲೆಕ್ಕಪತ್ರ ನೋಡಿ.

ಇನ್ನೊಂದು ಮಾತು. ವಿದೇಶಿ ದುಡ್ಡಿನಲ್ಲಿ ಜೀಪು, ಕಂಪ್ಯೂಟರ್, ಕಟ್ಟಡ ಏನಾದರೂ ಮಾಡಿಕೊಂಡಿದ್ದರೆ ಅದರ ಪಟ್ಟಿ ಬೇರೆ ಇರಲಿ. ನೋಂದಣಿ ಒಪ್ಪಿಸಿದರೂ ರದ್ದಾದರೂ ಆ ಆಸ್ತಿಗಳು ಸರ್ಕಾರ ಗೊತ್ತು ಮಾಡಿದ ಪ್ರಾಧಿಕಾರದ ವಶಕ್ಕೆ ಹೋಗುತ್ತವೆ. ಅವನ್ನು ಬೆಂಗಳೂರಿಗೆ ಉಡುಗೊರೆ ಕೊಡುವ ಯೋಚನೆ ಬೇಡ.

ಇಲ್ಲೊಂದು ತಿರುವು ಇದೆ. ಹೆಚ್ಚಿನವರು ಯೋಚಿಸುವುದೇ ಇಲ್ಲ. ದೊಡ್ಡವರು ಸಣ್ಣವರನ್ನು ನುಂಗಬೇಕು ಅಂತ ಎಲ್ಲೂ ಬರೆದಿಲ್ಲ. ಕಾಗದದ ಮೇಲೆ ಉಳಿಯುವ ಸಂಸ್ಥೆ ನಿಮ್ಮದೇ ಆಗಬಹುದು. ಅವರ ಒಂದು ವಿಭಾಗ, ಅಂದರೆ ಅವರ ಮಲೆನಾಡಿನ ಕೆಲಸವೂ ಆ ಜನರೂ, ನಿಮ್ಮ ಸೊಸೈಟಿಯೊಳಗೆ ಬರಬಹುದು. ಅವರ ಕಡೆಯ ಇಬ್ಬರು ನಿಮ್ಮ ಆಡಳಿತ ಮಂಡಳಿ ಸೇರಬಹುದು. ಪದಾಧಿಕಾರಿಗಳು ಬದಲಾದರೆ ಗೃಹ ಸಚಿವಾಲಯಕ್ಕೆ ಗಡುವಿನೊಳಗೆ ತಿಳಿಸಬೇಕು, ಅಷ್ಟು ಕೆಲಸ ಇದೆ. ಆದರೆ ಎಫ್‌ಸಿಆರ್‌ಎ ಉಳಿಯುತ್ತದೆ. ಈ ಮಾತನ್ನು ಅವರ ಮುಂದೆ ಒಮ್ಮೆ ಇಟ್ಟು ನೋಡಿ. ಅವರ ಮುಖ ಹೇಗಾಗುತ್ತದೆ ಅನ್ನೋದರಲ್ಲೇ ಅವರಿಗೆ ಬೇಕಿರುವುದು ಕೆಲಸವೋ ಹಿಡಿತವೋ ಅಂತ ಅರ್ಧ ಗೊತ್ತಾಗುತ್ತದೆ.

ಸಿಎಸ್‌ಆರ್ ಕಡೆಯಿಂದಲೂ ಇದೇ ಪಾಠ. ಕಂಪನಿಯ ಸಿಎಸ್‌ಆರ್ ಹಣ ಪಡೆಯುವ ಹೊರಗಿನ ಸಂಸ್ಥೆಗೆ ಅಂಥದೇ ಕೆಲಸ ಮಾಡಿದ ಕನಿಷ್ಠ 3 ವರ್ಷಗಳ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಸಂಖ್ಯೆಯೂ ಬೇಕು. ‘ನಿಮ್ಮದೂ ಬೇಡ, ನಮ್ಮದೂ ಬೇಡ, ಹೊಸದೊಂದು ಸಂಸ್ಥೆ ಕಟ್ಟೋಣ’ ಅನ್ನೋದು ಕೇಳಲು ನ್ಯಾಯವಾಗಿ ಕಾಣುತ್ತದೆ. ಆದರೆ ಹೊಸ ಕೂಸಿಗೆ ಅನುಭವದ ದಾಖಲೆ ಎಲ್ಲಿಂದ ಬರಬೇಕು? ಎಫ್‌ಸಿಆರ್‌ಎಗೂ ಕೆಲ ವರ್ಷ ಕಾಯಬೇಕು. ಯಾರ ಅಹಂಗೂ ನೋವಾಗದಿರಲಿ ಅಂತ ಹೊಸ ಸಂಸ್ಥೆ ಹುಟ್ಟಿಸುವುದು ನಮ್ಮ ಕಾನೂನಿನಲ್ಲಿ ಬಹಳ ದುಬಾರಿ ಸಮಾಧಾನ.

ಆದಾಯ ತೆರಿಗೆಯದ್ದು ಚುಟುಕಾಗಿ ಹೇಳುತ್ತೇನೆ. ಆದರೆ ಎಚ್ಚರಿಕೆ ತಪ್ಪಿದರೆ ಅದೇ ದೊಡ್ಡ ಹೊಡೆತ. ತೆರಿಗೆ ವಿನಾಯಿತಿ ಇರುವ ಸಂಸ್ಥೆ, ಅಂಥ ನೋಂದಣಿ ಇಲ್ಲದ ಅಥವಾ ಉದ್ದೇಶ ತಾಳೆಯಾಗದ ಸಂಸ್ಥೆಯೊಳಗೆ ಸೇರಿದರೆ, ಸಾಲ ಕಳೆದು ಉಳಿದ ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ಬೀಳುತ್ತದೆ. ವಿಸರ್ಜನೆಯಾದ ಮೇಲೆ 12 ತಿಂಗಳೊಳಗೆ ಆಸ್ತಿಯನ್ನು ನೋಂದಾಯಿತ ಸಂಸ್ಥೆಗೆ ಕೊಡದಿದ್ದರೂ ಹಾಗೇ. 2016ರಲ್ಲಿ ಜಾರಿಗೆ ಬಂದ ನಿಯಮ ಇದು. 1961ರ ಕಾಯ್ದೆಯಲ್ಲಿ ಸೆಕ್ಷನ್ 115ಟಿಡಿ ಅನ್ನುತ್ತಿದ್ದರು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ನಂಬರುಗಳು ಬದಲಾಗಿವೆ. ಹಳೆಯ ನಂಬರು ಹೇಳುವ ಸಲಹೆಗಾರರು ಸಿಕ್ಕರೆ ಹೊಸ ಕಾಯ್ದೆ ನೋಡಿ ಹೇಳಿ ಅನ್ನಿ. ಅವರ ನೋಂದಣಿ ಯಾವ ತಾರೀಖಿನವರೆಗೆ ಇದೆ ಅಂತ ಆದೇಶದ ನಕಲನ್ನೇ ಕೇಳಿ ನೋಡಿ.

ಉದ್ದೇಶದ ವಿಷಯದಲ್ಲಿ ಪರಿಸರ ಸಂಸ್ಥೆಗಳಿಗೆ ಒಂದು ವಿಶೇಷ ಅನುಕೂಲ ಇದೆ, ಹೆಚ್ಚು ಜನಕ್ಕೆ ಗೊತ್ತಿರುವುದಿಲ್ಲ. ಜಲಾನಯನ, ಕಾಡು, ವನ್ಯಜೀವಿ ಸೇರಿದಂತೆ ಪರಿಸರ ರಕ್ಷಣೆಯನ್ನು ತೆರಿಗೆ ಕಾನೂನು ಶಿಕ್ಷಣ, ವೈದ್ಯಕೀಯ ನೆರವಿನ ಸಾಲಿನಲ್ಲೇ ಹೆಸರು ಹಿಡಿದು ಧರ್ಮಕಾರ್ಯ ಅನ್ನುತ್ತದೆ. ಹೆಸರಿಲ್ಲದ ‘ಇತರೆ ಸಾರ್ವಜನಿಕ ಉಪಯೋಗ’ದ ಸಂಸ್ಥೆಗಳಿಗೆ ವ್ಯಾಪಾರದ ಬಗೆಯ ಆದಾಯ ಒಟ್ಟು ಜಮೆಯ ಶೇ. 20 ದಾಟುವಂತಿಲ್ಲ. ನಿಮ್ಮದು ಸಸಿ ಮಾರುವ ನರ್ಸರಿ. ಶುದ್ಧ ಪರಿಸರ ಸಂಸ್ಥೆಯಾಗಿ ನಿಮಗೆ ಆ 20ರ ಗೆರೆ ಇಲ್ಲ. ಬೇರೆ ನಿಯಮಗಳು ಇದ್ದೇ ಇವೆ, ಲೆಕ್ಕಪುಸ್ತಕ ಬೇರೆ ಇಡಬೇಕು ಅನ್ನೋದು ಅದರಲ್ಲಿ ಒಂದು. ಅವರ ಡೀಡ್‌ನಲ್ಲಿ ಗ್ರಾಮೀಣಾಭಿವೃದ್ಧಿ, ಕೌಶಲ ತರಬೇತಿ, ಸಂಸ್ಕೃತಿ ಎಲ್ಲ ಸೇರಿಕೊಂಡಿದ್ದರೆ ನಿಮ್ಮ ನರ್ಸರಿ ಆ ಲೆಕ್ಕಕ್ಕೆ ಸಿಕ್ಕಿಬೀಳಬಹುದು. ಆಡಿಟರ್ ಜೊತೆ ಕೂತು ಇಬ್ಬರ ಉದ್ದೇಶಗಳನ್ನು ಸಾಲು ಸಾಲಾಗಿ ಹೋಲಿಸಿ.

ಇನ್ನು ಕ್ವಾರಿ ಕೇಸು. ನನ್ನ ಪ್ರಕಾರ ಇಡೀ ಮಾತುಕತೆ ನಿಲ್ಲುವುದೋ ಬೀಳುವುದೋ ಇಲ್ಲೇ.

ಪರಿಸರ ಸಂಸ್ಥೆಗೂ ಶಾಲೆ ನಡೆಸುವ ಸಂಸ್ಥೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಶಾಲೆಗೆ ಸಾಮಾನ್ಯವಾಗಿ ಎದುರಾಳಿ ಇರುವುದಿಲ್ಲ. ನಿಮಗೆ ಇರುತ್ತಾರೆ. ಕೆಲವೊಮ್ಮೆ ಆ ಎದುರಾಳಿಯ ದುಡ್ಡೇ ಬೇರೆ ಬಾಗಿಲಿನಿಂದ ಪರಿಸರ ಕೆಲಸಕ್ಕೆ ಬರುತ್ತದೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಿಸರ ಸಮತೋಲನ, ಮಣ್ಣು–ಗಾಳಿ–ನೀರಿನ ಗುಣಮಟ್ಟ ಎಲ್ಲ ಸಿಎಸ್‌ಆರ್ ಪಟ್ಟಿಯಲ್ಲೇ ಇವೆ. ಗಣಿ ಕಂಪನಿ, ಸಿಮೆಂಟ್ ಕಂಪನಿ, ಕಟ್ಟಡದ ಕಂಪನಿ ಕೆರೆಗೆ ದುಡ್ಡು ಕೊಡುವುದು ಪೂರ್ತಿ ಕಾನೂನುಬದ್ಧ. ಟ್ರಸ್ಟ್ ಅದನ್ನು ತೆಗೆದುಕೊಳ್ಳುವುದೂ ತಪ್ಪಲ್ಲ. ಆದರೆ ನೀವು ಜಲ್ಲಿ ತೆಗೆಯುವವರ ವಿರುದ್ಧ ಹಸಿರು ನ್ಯಾಯಮಂಡಳಿಯ ಚೆನ್ನೈನ ದಕ್ಷಿಣ ಪೀಠದಲ್ಲಿ ನಿಂತಿರುವಾಗ, ನಿಮ್ಮ ಹೊಸ ಮನೆಯ ಯಜಮಾನರು ಜಲ್ಲಿ ಕೊಳ್ಳುವವರ ದೇಣಿಗೆಯಲ್ಲಿ ಕೆರೆ ಮಾಡುತ್ತಿದ್ದರೆ? ಕೇಸು ವಾಪಸ್ ತಗೊಳ್ಳಿ ಅಂತ ಯಾರೂ ಹೇಳುವುದಿಲ್ಲ. ‘ಸ್ವಲ್ಪ ದಿನ ನಿಧಾನ ಮಾಡೋಣ’ ಅನ್ನುತ್ತಾರೆ. ಮುಂದಿನ ತಾರೀಖಿಗೆ ವಕೀಲರ ಬಸ್ ಖರ್ಚು ಮಂಜೂರಾಗಿರುವುದಿಲ್ಲ. ಕೇಸು ಸಾಯುವುದು ಹೀಗೆ.

ಹಾಗಾಗಿ ಅವರ ಕಳೆದ ಐದು ವರ್ಷದ ದಾನಿಗಳ ಪಟ್ಟಿ ಕೇಳಿ. ಯಾರ ದುಡ್ಡು ಮುಟ್ಟುವುದಿಲ್ಲ ಅಂತ ಅವರ ಮಂಡಳಿ ಬರಹದಲ್ಲಿ ಏನಾದರೂ ತೀರ್ಮಾನ ಮಾಡಿದೆಯಾ ಕೇಳಿ. ಇಲ್ಲದಿದ್ದರೆ ನಿಮ್ಮದನ್ನು ಮೊದಲು ಬರೆಯಿರಿ, ಅವರ ಮುಂದೆ ಇಡಿ. ಸಂಘವೇ ಮುಚ್ಚುವುದಾದರೆ ಅರ್ಜಿದಾರರ ಹೆಸರು ಬದಲಿಸಲು ನ್ಯಾಯಮಂಡಳಿಗೆ ಹೋಗಬೇಕು. ಎದುರು ಪಕ್ಷದ ವಕೀಲರು ಅದನ್ನು ಬಳಸಿಕೊಳ್ಳದೆ ಬಿಡುವುದಿಲ್ಲ. ಕೇಸು ಮುಗಿಯುವವರೆಗೆ ಸೊಸೈಟಿ ಜೀವಂತ ಇರಬೇಕು ಅನ್ನೋದು ನನ್ನ ಖಚಿತ ಸಲಹೆ.

ಒಂದಾಗದೆಯೇ ಒಟ್ಟಾಗಿ ಗೆದ್ದ ಉದಾಹರಣೆ ನಮ್ಮಲ್ಲೇ ಇದೆ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಮಾಡಿಕೊಂಡವು. ಹಳ್ಳಿಗಳ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಕೊಡುವ ಲೆಕ್ಕ. ಅದರ ವಿರುದ್ಧದ ಹೋರಾಟಕ್ಕೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಹೆಸರು ಕೊಟ್ಟರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಊರವರು ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಅಂತ ಹಿರಿಯರಿಗೆ ನೆನಪಿರಬಹುದು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಬಾಗಿಲು ಹಾಕಿತು. ಕೋರ್ಟಿನ ಕೆಲಸ ಬಲ್ಲವರು ಕೋರ್ಟಿಗೆ ಹೋದರು, ಹಳ್ಳಿ ಬಲ್ಲವರು ಹಳ್ಳಿಯಲ್ಲಿ ಕೂತರು. ಯಾರೂ ಯಾರೊಳಗೂ ಕರಗಲಿಲ್ಲ. 1987ರ ನವೆಂಬರ್‌ನಲ್ಲೇ ಶುರುವಾದ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆಯೂ ಹಾಗೇ. ಒಂದು ತಂಡ ಮಹಾರಾಷ್ಟ್ರದ ನವಾಪುರದಿಂದ, ಇನ್ನೊಂದು ಕನ್ಯಾಕುಮಾರಿಯಿಂದ ಹೊರಟು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಸೇರಿದವು. ನಡುವೆ ಹತ್ತಾರು ಸಣ್ಣ ಗುಂಪುಗಳು ತಮ್ಮ ತಮ್ಮ ಊರಿನಲ್ಲಿ ಅನ್ನ, ಜಾಗ, ಸಭೆ ನೋಡಿಕೊಂಡವು.

ಹೆಸರು ಉಳಿಸಿಕೊಂಡೇ ದೊಡ್ಡ ಬಳಗ ಸೇರುವ ದಾರಿಯೂ ಇದೆ. 1922ರಲ್ಲಿ ಹುಟ್ಟಿದ ಪಕ್ಷಿ ಸಂರಕ್ಷಣೆಯ ಅಂತರರಾಷ್ಟ್ರೀಯ ಮಂಡಳಿ 1993ರಲ್ಲಿ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಆಯಿತು. ದೇಶಕ್ಕೊಂದು ಸಂಸ್ಥೆ ಅದರ ಪಾಲುದಾರ. ಭಾರತದಲ್ಲಿ ಅದು 1883ರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಅದರ ಹೆಸರೂ ಹೋಗಲಿಲ್ಲ, ಮಂಡಳಿಯೂ ಹೋಗಲಿಲ್ಲ. ನಿಮ್ಮ ಮಟ್ಟದಲ್ಲಿ ಹತ್ತಿರದ ಪಾಲುದಾರರನ್ನೂ ಮರೆಯಬೇಡಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ, ಗ್ರಾಮ ಅರಣ್ಯ ಸಮಿತಿ ಇದೆ. ದೇವರಕಾಡಿನ ದಾಖಲಾತಿಗೆ ಬೆಂಗಳೂರಿಗಿಂತ ಅವರೇ ಮುಖ್ಯ, ಅಲ್ವಾ?

ಈಗ ಆ ಎರಡು ಮಳೆಗಾಲದ ಕರಾರು. ಎಂಒಯು (ಒಡಂಬಡಿಕೆ ಪತ್ರ) ಅಂದರೆ ಎರಡು ಪುಟದ ಒಳ್ಳೆಯ ಮಾತು ಅಂತ ತಿಳಿದವರು ಬಹಳ. ಒಳ್ಳೆಯ ಮಾತು ಕಡಿಮೆ ಇರಲಿ, ದುಡ್ಡಿನ ದಾರಿ ಸ್ಪಷ್ಟ ಇರಲಿ. ಕಂಪನಿ ಟ್ರಸ್ಟಿಗೆ 10 ಲಕ್ಷ ಕೊಟ್ಟು, ಟ್ರಸ್ಟ್ ಅದನ್ನು ನಿಮಗೆ ದೇಣಿಗೆಯಾಗಿ ದಾಟಿಸಿದರೆ, ತೆರಿಗೆ ಲೆಕ್ಕದಲ್ಲಿ ಅವರು ಖರ್ಚು ಮಾಡಿದ್ದು 8.5 ಲಕ್ಷ ಮಾತ್ರ. ಒಂದು ದತ್ತಿ ಸಂಸ್ಥೆ ಇನ್ನೊಂದಕ್ಕೆ ಕೊಟ್ಟರೆ ಶೇ. 85 ಮಾತ್ರ ಹಿಡಿಯಬೇಕು ಅಂತ 2023ರ ಬಜೆಟ್ ಮಾಡಿದ ನಿಯಮ ಇದು. ಮೂಲನಿಧಿಗೆ ಅಂತ ಕೊಟ್ಟರೆ ಏನೂ ಹಿಡಿಯುವಂತಿಲ್ಲ. ‘ಸೇವಾ ಶುಲ್ಕ’ ಅಂತ ಬಿಲ್ ಬರೆದರೆ ಜಿಎಸ್‌ಟಿ ಪ್ರಶ್ನೆ ಏಳುತ್ತದೆ. ಇದಕ್ಕೆಲ್ಲ ಸರಳ ದಾರಿ ಅಂದರೆ ಕಂಪನಿಯನ್ನೂ ಸೇರಿಸಿ ಮೂವರ ಕರಾರು ಮಾಡಿಕೊಳ್ಳುವುದು. ಅವರ ಪಾಲು ಅವರಿಗೆ, ನಿಮ್ಮ ಪಾಲು ನೇರ ನಿಮ್ಮ ಖಾತೆಗೆ. ಅದಕ್ಕೆ ನಿಮ್ಮದೇ ಸಿಎಸ್‌ಆರ್-1 ಸಂಖ್ಯೆ ಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ವಿಲೀನ ಆದರೂ ಆಗದಿದ್ದರೂ ಅದು ಕೆಲಸಕ್ಕೆ ಬರುತ್ತದೆ.

ಕರಾರಿನಲ್ಲಿ ಜನ ಮರೆಯುವುದು ಮಾಹಿತಿಯ ಒಡೆತನ. 14 ವರ್ಷದ ಮಳೆ ಲೆಕ್ಕ, ದೇವರಕಾಡುಗಳ ಮರಪಟ್ಟಿ, ಯಾವ ತಾಯಿಮರದ ಬೀಜ ಯಾವಾಗ ಸಿಗುತ್ತದೆ ಅನ್ನೋ ನೋಟ್‌ಬುಕ್ಕುಗಳು. ನಿಮ್ಮ ನಿಜವಾದ ಆಸ್ತಿ ಇದು, ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ. ದೊಡ್ಡ ಸಂಸ್ಥೆಯ ವರದಿಯಲ್ಲಿ ಅದು ಅವರ ಲೋಗೋ ಕೆಳಗೆ ಬರುವುದು ಬಹಳ ಸುಲಭ. ಯಾರ ಹೆಸರು, ಯಾರ ಅನುಮತಿ, ಅಪರೂಪದ ಗಿಡದ ಜಾಗವನ್ನು ಹೊರಗೆ ಹೇಳಬಹುದೋ ಇಲ್ಲವೋ, ಎಲ್ಲ ಬರೆಯಿರಿ. ಮಾಹಿತಿ ಕೊಟ್ಟ ಊರಿನವರಿಗೂ ಅದರಲ್ಲಿ ಒಂದು ಪ್ರತಿ ಇರಲಿ. ಅರಣ್ಯ ಇಲಾಖೆಯ ಅನುಮತಿ ಪತ್ರಗಳು ನಿಮ್ಮ ಹೆಸರಿನಲ್ಲಿದ್ದರೆ ಅವು ತಾವಾಗಿ ಅವರ ಹೆಸರಿಗೆ ಹೋಗುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು.

ಎಲ್ಲ ಸರಿಹೋಗಿ ವಿಲೀನವೇ ಆಯಿತು ಅನ್ನಿ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ರೈನ್‌ಫಾರೆಸ್ಟ್ ಅಲಯನ್ಸ್, ಉಟ್ಜ್ ಅನ್ನೋ, ಪರಿಸರಕ್ಕೆ ಒಗ್ಗುವ ಬೇಸಾಯದ ಎರಡು ಸರ್ಟಿಫಿಕೇಟುಗಳ ಪರಿಚಯ ಇದೆ. ಒಂದು ನ್ಯೂಯಾರ್ಕಿನದು, 1987ರದು. ಇನ್ನೊಂದು ಆಮ್ಸ್ಟರ್‌ಡ್ಯಾಮಿನದು. ಎರಡೂ ಇದ್ದ ಎಸ್ಟೇಟಿಗೆ ಎರಡು ಆಡಿಟ್, ಎರಡು ಕಡತ. 2018ರ ಜನವರಿಯಲ್ಲಿ ಎರಡೂ ಸಂಸ್ಥೆ ಒಂದಾದವು. ಹೆಸರು ರೈನ್‌ಫಾರೆಸ್ಟ್ ಅಲಯನ್ಸ್‌ನದು ಉಳಿಯಿತು. ಮುಖ್ಯಸ್ಥರಾಗಿ ಬಂದವರು ಉಟ್ಜ್‌ನ ಹ್ಯಾನ್ ಡಿ ಗ್ರೂಟ್. ಈ ಹಂಚಿಕೆ ನನಗೆ ಬಹಳ ಜಾಣತನದ್ದು ಅನ್ನಿಸುತ್ತದೆ. ಆದರೂ ಎರಡರ ನಿಯಮಾವಳಿ ಕೆಲ ಕಾಲ ಬೇರೆ ಬೇರೆಯಾಗೇ ನಡೆದವು. ಒಂದಾದ ಹೊಸ ನಿಯಮಾವಳಿ ಹೊರಬಂದದ್ದು 2020ರಲ್ಲಿ, ಅದರ ಪ್ರಕಾರ ಆಡಿಟ್ ಶುರುವಾದದ್ದು 2021ರಲ್ಲಿ. ಅಷ್ಟು ದುಡ್ಡು, ಅಷ್ಟು ಜನ ಇದ್ದವರಿಗೇ ಮೂರು ವರ್ಷ ದಾಟಿತು.

ನಿಮ್ಮ ಐದು ಜನ ಸಿಬ್ಬಂದಿಯ ಮಾತು. ಹತ್ತಕ್ಕಿಂತ ಕಡಿಮೆ ಜನ ಇರುವ ನಿಮಗೆ ಗ್ರ್ಯಾಚುಟಿ ಕಾನೂನು ತಾಗದೇ ಇದ್ದಿರಬಹುದು. ಅವರಿಗೆ ತಾಗುತ್ತದೆ. ನಿಮ್ಮವರು ಅಲ್ಲಿಗೆ ಹೋದಾಗ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೋ, ಮೊದಲ ದಿನದಿಂದ ಎಣಿಕೆಯೋ? ಇದನ್ನು ಕಾರ್ಯದರ್ಶಿಯವರೇ ಕೇಳಬೇಕು, ಸಿಬ್ಬಂದಿಯ ಬಾಯಿಗೆ ಬಿಡಬಾರದು. ಅವರ ಕಚೇರಿಯ ಸಂಬಳ ನಿಮ್ಮದಕ್ಕಿಂತ ಜಾಸ್ತಿ ಇರುತ್ತದೆ. ಒಂದೇ ಸಂಸ್ಥೆಯಲ್ಲಿ ಬೆಂಗಳೂರಿನ ಪ್ರಾಜೆಕ್ಟ್ ಆಫೀಸರ್‌ಗೆ ಒಂದು, ಹದಿನಾಲ್ಕು ವರ್ಷ ಬೀಜ ಆರಿಸಿದ ನರ್ಸರಿ ಮೇಸ್ತ್ರಿಗೆ ಇನ್ನೊಂದು ಅಂತಾದರೆ ಒಂದು ವರ್ಷದಲ್ಲಿ ಮೇಸ್ತ್ರಿ ಬಿಟ್ಟುಹೋಗುತ್ತಾರೆ. ಅವರು ಹೋದರೆ ನರ್ಸರಿ ಹೋದಂತೆ.

ಕಾರ್ಯದರ್ಶಿಯವರ ಬಗ್ಗೆ ಒಂದೇ ಕೋರಿಕೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಜಂಟಿ ಕಾರ್ಯದರ್ಶಿ ಅಂತ ಒಬ್ಬರನ್ನು ಆರಿಸಿ, ಸಾಧ್ಯವಾದರೆ ನಲವತ್ತರ ಒಳಗಿನವರನ್ನು. ಚೆಕ್ಕಿನ ಎರಡನೇ ಸಹಿ ಅವರಿಗೆ ಕೊಡಿ. ಅರಣ್ಯ ಇಲಾಖೆಯ ಸಭೆಗೆ, ಟ್ರಸ್ಟಿನ ಜೊತೆಗಿನ ಮಾತುಕತೆಗೆ ಅವರೂ ಹೋಗಲಿ. ಎರಡು ಮಳೆಗಾಲ ಕಳೆಯುವಾಗ ಅವರು ಗಟ್ಟಿಯಾಗಿ ನಿಂತಿದ್ದರೆ ನಿಮಗೆ ವಿಲೀನ ಬೇಕೇ ಆಗದಿರಬಹುದು. ಕೈಜೋಡಿಸಿದ್ದೇ ಸಾಕಾದೀತು. ಯಾರೂ ಮುಂದೆ ಬರದಿದ್ದರೆ ಆಗ ವಿಲೀನದ ಕಾಗದ ತೆಗೆಯಿರಿ. ಆಗ ನಿಮಗೆ ಅವರ ಕೆಲಸದ ಗುಣ ಗೊತ್ತಿರುತ್ತದೆ, ಅವರಿಗೆ ನಿಮ್ಮದು.

ಆಗಿನ ಕ್ರಮ ಹೀಗಿರಲಿ. ಮೊದಲು ಕೇಸು ಒಂದು ದಡ ಸೇರಲಿ. ಆಮೇಲೆ ವಿಶೇಷ ಸರ್ವಸದಸ್ಯರ ಸಭೆ ಕರೆದು, ಬೈಲಾ ಹೇಳಿದಷ್ಟು ದಿನ ಮುಂಚೆ ನೋಟಿಸು ಕೊಟ್ಟು, ಬೇಕಾದ ಬಹುಮತದಲ್ಲಿ ಠರಾವು ಮಾಡಿ. ಹಾಜರಿ ಪುಸ್ತಕದ ಸಹಿಗಳು ಸರಿ ಇರಲಿ. ಮುಂದೆ ಯಾರಾದರೂ ತಕರಾರು ತೆಗೆದರೆ ಮೊದಲು ನೋಡುವುದು ಅದನ್ನೇ. ನರ್ಸರಿಯ ಜಾಗ ಯಾರೋ ದಾನ ಕೊಟ್ಟದ್ದಾದರೆ ದಾನಪತ್ರದ ಷರತ್ತು ಓದಿ, ಸಾಧ್ಯವಾದರೆ ಆ ಮನೆಯವರ ಹತ್ತಿರ ಮಾತಾಡಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮುದ್ರಾಂಕ ಶುಲ್ಕ ಎಷ್ಟು ಬೀಳುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಅದನ್ನು ಯಾರು ಕಟ್ಟಬೇಕು ಅಂತ ಕರಾರಿನಲ್ಲಿ ಬರೆಸಿ. ಸ್ಥಳೀಯ ದುಡ್ಡಿನ ಆಸ್ತಿ ದಾಟಿದ ಮೇಲೆ ಎಫ್‌ಸಿಆರ್‌ಎ ಲೆಕ್ಕ ಪೂರ್ತಿ ಮುಗಿಸಿ ನೋಂದಣಿ ಒಪ್ಪಿಸಿ. ವಿಸರ್ಜನೆಯ ಅರ್ಜಿ ಎಲ್ಲಕ್ಕಿಂತ ಕೊನೆಗೆ. ಪ್ಯಾನ್ ಕಾರ್ಡನ್ನೂ ಬ್ಯಾಂಕ್ ಖಾತೆಯನ್ನೂ ಕೊನೆಯ ಆಡಿಟ್ ವರದಿ ಸಲ್ಲಿಕೆ ಆಗುವವರೆಗೆ ಮುಚ್ಚಬೇಡಿ. ಬರಬೇಕಾದ ಹಳೆಯ ಬಾಕಿ, ತೆರಿಗೆ ವಾಪಸ್ಸು ಬರುವುದು ಅದೇ ಖಾತೆಗೆ.